ದುಡ್ಡು ಕೊಟ್ಟು ಲಾಂಚ್ ಹತ್ತುವವರು

“ಅರವತ್ತು ವರ್ಷ ಸೇತುವೆ ಸೇತುವೆ ಅಂತ ಬಾಯಿ ಬಡ್ಕಂಡು, ಈಗ ಒಂದು ಆಯ್ತು. ನೀವು ನೋಡಿರೆ ಇಷ್ಟೊಂದು ದುಡ್ಡು ಸುರಿದು ಕಾರು ಸಮೇತ ಲಾಂಚ್ ಹತ್ತಕ್ಕೆ ಹೊರಟಿದೀರಿ! ಅಲ್ಲಿ ಸೇತುವೆ ಕಟ್ಟಿಲ್ವನೇ ತಂಗಿ?”

ಆಸ್ಟ್ರೇಲಿಯಾದಲ್ಲಿರುವ ನಾವು ಅದರ ದಕ್ಷಿಣದ ದ್ವೀಪರಾಜ್ಯ ಟಾಸ್ಮೇನಿಯಾಕ್ಕೆ ಪ್ರವಾಸ ಹೊರಟ ಸುದ್ದಿ ಕೇಳಿ ಅಪ್ಪಯ್ಯ ವಿಡಿಯೋ ಕಾಲಿನಲ್ಲಿ ಹೇಳಿದ್ದಿಷ್ಟು. ನಾನು ನಕ್ಕು ಉರುಳಿದೆ. ನನ್ನ ಗಂಡ ಮೈಸೂರಿನವನು, ಅವನಿಗೆ ಇದರಲ್ಲಿ ನಗುವಂಥದ್ದೇನಿದೆ ಅಂತ ಅರ್ಥವಾಗಲಿಲ್ಲ. ಶರಾವತಿ ಹಿನ್ನೀರಿನ ಹೊಳೆಬಾಗಿಲಿನ ದಡದಲ್ಲಿ ಲಾಂಚಿಗೆ ಕಾದು ಬೆಳೆದವರಿಗೆ ಮಾತ್ರ ಆಗುವ ನಗು ಅದು.

ಆ ದ್ವೀಪಕ್ಕೂ ಆಸ್ಟ್ರೇಲಿಯಾದ ದೊಡ್ಡ ನೆಲಕ್ಕೂ ನಡುವಿನ ಬ್ಯಾಸ್ ಜಲಸಂಧಿ ಸುಮಾರು 240 ಕಿಲೋಮೀಟರ್ ಅಗಲ, ಸೇತುವೆಯ ಮಾತೇ ಇಲ್ಲ. ಸಂಜೆ ಈ ದಡದ ಜೀಲಾಂಗಿನಲ್ಲಿ ಕಾರು ಹಡಗಿನ ಹೊಟ್ಟೆಯೊಳಗೆ ಬಿಟ್ಟು ಮಲಗಿದರೆ ಬೆಳಗ್ಗೆ ಆ ದಡದ ಡೆವನ್‌ಪೋರ್ಟ್. ಏಪ್ರಿಲ್ ರಜೆಗೆ ದ್ವೀಪವನ್ನು ಒಂದು ಸುತ್ತು ಹಾಕುವುದು ಅಂತ ತೀರ್ಮಾನವಾದ ದಿನದಿಂದ ಫ್ರಿಜ್ಜಿನ ಬಾಗಿಲ ತುಂಬ ನಕ್ಷೆ. ಮಗಳು ಬಣ್ಣದ ಪೆನ್ನಿನಲ್ಲಿ ದಾರಿ ಬರೆದಿದ್ದಾಳೆ: ಡೆವನ್‌ಪೋರ್ಟಿನಿಂದ ಲಾನ್‌ಸೆಸ್ಟನ್, ಅಲ್ಲಿಂದ ಪೂರ್ವದ ಕಡಲತಡಿಗೆ ಸೇಂಟ್ ಹೆಲೆನ್ಸ್, ಬೇ ಆಫ್ ಫೈರ್ಸ್‌ನ ಕಿತ್ತಳೆ ಬಣ್ಣದ ಬಂಡೆಗಳು, ಫ್ರೆಸಿನೆಟ್, ಹೋಬಾರ್ಟ್, ಆಮೇಲೆ ಪಶ್ಚಿಮಕ್ಕೆ ತಿರುಗಿ ಕ್ವೀನ್ಸ್‌ಟೌನ್, ಸ್ಟ್ರಾನ್, ಕ್ರೇಡಲ್ ಪರ್ವತ. ಏಪ್ರಿಲ್ ಕೊನೆಗೆ ಹೋದರೆ ಕ್ರೇಡಲ್ ಪರ್ವತದಲ್ಲಿ ಫೇಗಸ್ ಅನ್ನುವ ಮರ ಹಳದಿ, ಕೆಂಪು ಬಣ್ಣಕ್ಕೆ ತಿರುಗಿರುತ್ತದೆ. ಚಳಿಗಾಲಕ್ಕೆ ಎಲೆ ಉದುರಿಸುವ, ಆ ದ್ವೀಪದ್ದೇ ಆದ ಮರ ಅದೊಂದೇ.

ಮೊದಲು ನಾವು ದೂರ ನೋಡಿ ಯೋಜನೆ ಹಾಕಿದೆವು. ಅದು ನಡೆಯುವುದಿಲ್ಲ. ಇಡೀ ರಾಜ್ಯ ಸುಮಾರು 68,000 ಚದರ ಕಿಲೋಮೀಟರ್, ಕರ್ನಾಟಕದ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು. ಜನ ಆರು ಲಕ್ಷವೂ ಇಲ್ಲ. ಹೋಬಾರ್ಟಿನಿಂದ ಸ್ಟ್ರಾನ್‌ಗೆ ಮುನ್ನೂರು ಕಿಲೋಮೀಟರ್ ಅಂದರೆ ಹೆದ್ದಾರಿಯಲ್ಲಿ ಮೂರು ಗಂಟೆ ಅಂದುಕೊಳ್ಳಬಾರದು, ಎಲ್ಲೂ ನಿಲ್ಲಿಸದಿದ್ದರೂ ನಾಲ್ಕೂವರೆ ಗಂಟೆ ಬೇಕು. ಕ್ವೀನ್ಸ್‌ಟೌನ್ ಹತ್ತಿರ ಬಂದಂತೆ ತಿರುವಿನ ಮೇಲೆ ತಿರುವು, ಆಗುಂಬೆ ಘಾಟಿ ಇಳಿದವರಿಗೆ ಹೊಸದಲ್ಲ. ಡರ್ವೆಂಟ್ ಬ್ರಿಜ್ ದಾಟಿದ ಮೇಲೆ ಕ್ವೀನ್ಸ್‌ಟೌನ್ ತನಕ ಪೆಟ್ರೋಲ್ ಬಂಕ್ ಇಲ್ಲ, ಬಹುಪಾಲು ಮೊಬೈಲ್ ಸಿಗ್ನಲ್ಲೂ ಇಲ್ಲ.

ಇದಕ್ಕಿಂತ ದೊಡ್ಡ ವಿಷಯ ಕತ್ತಲೆ. ಮುಸ್ಸಂಜೆಯಿಂದ ಬೆಳಗಿನವರೆಗೆ ವಾಲಬಿ, ವಾಂಬ್ಯಾಟ್, ಪಾಸಮ್ ಅನ್ನುವ ಹೊಟ್ಟೆಚೀಲದ ಪ್ರಾಣಿಗಳೆಲ್ಲ ರಸ್ತೆಗೆ ಬರುತ್ತವೆ. ಕತ್ತಲಾದ ಮೇಲೆ 65ಕ್ಕಿಂತ ವೇಗ ಬೇಡ ಅನ್ನುವ ಹಳದಿ ಫಲಕಗಳು ದಾರಿಯುದ್ದಕ್ಕೂ ಇರುತ್ತವಂತೆ. ಏಪ್ರಿಲ್ ಕೊನೆಯಲ್ಲಿ ಐದೂವರೆಗೆಲ್ಲ ಕತ್ತಲು ಕವಿಯುತ್ತದೆ. ಹಾಗಾಗಿ ನಮ್ಮ ಯೋಜನೆಯಲ್ಲಿ ಪ್ರತಿದಿನ ಐದು ಗಂಟೆಗೆ ಕಾರು ನಿಲ್ಲಬೇಕು. ಬೆಳಗ್ಗೆ ದಾರಿಬದಿಯಲ್ಲಿ ಸತ್ತ ಪ್ರಾಣಿ ಕಂಡರೆ ಅದರ ಹೊಟ್ಟೆಚೀಲದಲ್ಲಿ ಜೀವಂತ ಮರಿ ಇದೆಯಾ ಅಂತ ಇಳಿದು ನೋಡುವವರಿದ್ದಾರೆ ಇಲ್ಲಿ. ಮಗಳು ಅದಕ್ಕೆಂದೇ ಹಳೇ ಟವೆಲ್ ಒಂದನ್ನು ಎತ್ತಿಟ್ಟಿದ್ದಾಳೆ.

ಇನ್ನು ಹಡಗಿಗೆ ಹಣ್ಣು, ತರಕಾರಿ, ಗಿಡದ ಯಾವುದನ್ನೂ ಒಯ್ಯುವಂತಿಲ್ಲ. ಅಲ್ಲಿನ ಸೇಬು, ಚೆರಿ ತೋಟಗಳಿಗೆ ಹಣ್ಣುನೊಣ ಹತ್ತಬಾರದು ಅಂತ ನಾಯಿ ಮೂಸಿ ನೋಡುತ್ತದೆ. ನನ್ನ ಕರಿಬೇವೂ ಹೋಯಿತು. ಚಟ್ನಿಪುಡಿಗೆ ಅಡ್ಡಿಯಿಲ್ಲ ಅನ್ನುವ ಧೈರ್ಯದ ಮೇಲೆ ಇಡೀ ಪ್ರವಾಸ ನಿಂತಿದೆ.

ಇಷ್ಟೆಲ್ಲ ಆಗುವಾಗ ಪಕ್ಕದ ಮನೆಯ ಅಜ್ಜಿ ನಮ್ಮ ಪಾರ್ಸೆಲ್ ಕೊಡಲು ಬಂದರು. ಟಾಸ್ಮೇನಿಯಾದಲ್ಲಿ ಹುಟ್ಟಿ, ಮದುವೆಯಾದ ಮೇಲೆ ಈ ಕಡೆ ಬಂದವರು. ಮಗಳು ಅವರನ್ನು ಹೆಸರು ಹಿಡಿದೇ ಕರೆಯುತ್ತಾಳೆ, ನನಗೆ ಇಷ್ಟು ವರ್ಷವಾದರೂ ಆ ಹೆಸರು ಬಾಯಿಗೆ ಬರುವುದಿಲ್ಲ. ನಕ್ಷೆ ಕಂಡವರೇ ಕನ್ನಡಕ ಏರಿಸಿ ನಿಂತರು. ಸೇತುವೆ ಯಾಕಿಲ್ಲ ಅಂತ ನನ್ನ ಅಪ್ಪಯ್ಯ ಕೇಳಿದ್ದನ್ನು ಹೇಳಿದೆ. “ದೇವರ ದಯೆ, ಇಲ್ಲ” ಅಂದರು. “ನೀವು ಮೇನ್‌ಲ್ಯಾಂಡಿನವರು ಎಲ್ಲಾ ವಾರಾಂತ್ಯ ಬಂದುಬಿಡ್ತಿದ್ರಿ!” ನನ್ನನ್ನೂ ಆಸ್ಟ್ರೇಲಿಯಾದ ದೊಡ್ಡ ನೆಲದವರ ಲೆಕ್ಕಕ್ಕೆ ಸೇರಿಸಿಬಿಟ್ಟರಲ್ಲ, ಪೌರತ್ವ ಸಿಕ್ಕ ದಿನಕ್ಕಿಂತ ಆವತ್ತು ಹೆಚ್ಚು ಖುಷಿಯಾಯಿತು.

ಮಗಳು ನಕ್ಷೆಯ ನೈಋತ್ಯ ಮೂಲೆಯಲ್ಲಿ ಒಂದು ದೊಡ್ಡ ನೀಲಿ ಜಾಗಕ್ಕೆ ನಕ್ಷತ್ರ ಹಾಕಿದ್ದಳು. ಲೇಕ್ ಪೆಡರ್. ಹೋಬಾರ್ಟಿನಿಂದ ಎರಡೂವರೆ ಗಂಟೆಯ ಹಾದಿ, ಸುತ್ತ ಚೂಪು ಬೆಟ್ಟಗಳು, ಅಂತರ್ಜಾಲದಲ್ಲಿ ನೋಡಿದ ಫೋಟೋಗಳಲ್ಲಿ ನೀರು ಕನ್ನಡಿಯೇ ಸರಿ. ಅಜ್ಜಿ ಆ ನಕ್ಷತ್ರದ ಮೇಲೆ ಬೆರಳಿಟ್ಟು ಹೇಳಿದರು: “ಇದು ಪೆಡರ್ ಅಲ್ಲ. ಪೆಡರ್ ಇದರ ಅಡಿಗಿದೆ.”

ಪ್ರವಾಸದ ಮಾತು ಅಲ್ಲಿಗೆ ನಿಂತಿತು.

ಗುಲಾಬಿ ಛಾಯೆಯ ಮರಳಿನ ದಡವಿದ್ದ ಪುಟ್ಟ ಸರೋವರವಂತೆ ಹಳೆಯ ಪೆಡರ್. ಬೇಸಿಗೆಯಲ್ಲಿ ದಡ ಎಷ್ಟು ಅಗಲವಾಗುತ್ತಿತ್ತೆಂದರೆ ಚಿಕ್ಕ ವಿಮಾನಗಳು ಮರಳಿನ ಮೇಲೇ ಇಳಿಯುತ್ತಿದ್ದವು. 1955ರಲ್ಲೇ ಅದು ರಾಷ್ಟ್ರೀಯ ಉದ್ಯಾನವಾಗಿತ್ತು. 1967ರಲ್ಲಿ ಆ ಸ್ಥಾನ ಕಿತ್ತುಕೊಂಡು, ವಿದ್ಯುತ್ತಿಗೆಂದು ಅಣೆಕಟ್ಟುಗಳನ್ನು ಕಟ್ಟಿ, 1972ರಲ್ಲಿ ನೀರು ನಿಲ್ಲಿಸಿದರು. ಮುಳುಗುವ ಮುಂಚೆ, 1971ರ ಮಾರ್ಚ್‌ನಲ್ಲಿ, ಕೊನೆಯ ಸಲ ನೋಡಲೆಂದು ನೂರಾರು ಜನ ಹೋಗಿದ್ದರು. ಅವರಲ್ಲಿ ಈ ಅಜ್ಜಿಯೂ ಒಬ್ಬರು, ಆಗ ಇಪ್ಪತ್ತರ ಹುಡುಗಿ. ಮುಳುಗಿದ ಮೇಲೆ ಒಂದು ಸಲವೂ ಆ ಕಡೆ ಹೋಗಿಲ್ಲ. ಹೇಳುತ್ತ ಹೇಳುತ್ತ ಅವರ ಕಣ್ಣು ತುಂಬಿತು.

ಅವರು ಹೋದ ಮೇಲೆ ಮಗಳು ಕೇಳಿದಳು, “ಅವರ ಮನೆ ಅಲ್ಲಿತ್ತಾ ಅಮ್ಮಾ?”

“ಇಲ್ಲ.”

“ಮತ್ತೆ ಯಾರದ್ದಿತ್ತು?”

“ಯಾರ ಮನೆಯೂ ಇರಲಿಲ್ಲ.”

“ಮತ್ಯಾಕೆ ಅಳ್ತಾರೆ? ಅಜ್ಜನ ಮನೇನೇ ನೀರಲ್ಲಿ ಹೋಗಿದೆ, ಅಜ್ಜ ಒಂದಿನಾನೂ ಅತ್ತಿಲ್ಲ.”

ನನಗೆ ಉತ್ತರ ತೋಚಲಿಲ್ಲ. ಅಪ್ಪಯ್ಯ ಅತ್ತಿದ್ದನ್ನು ನಾನೂ ನೋಡಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಹಿಂದೆ ಸರಿದು ನಿಂತಾಗ ಅವರಿಗೆ ಶಾಲೆಗೆ ಹೋಗುವ ವಯಸ್ಸು. ಗದ್ದೆ, ತೋಟ, ಮನೆ ಎಲ್ಲ ಒಳಗೆ ಹೋಯಿತು. ದೊಡ್ಡಪ್ಪನ ಕಡೆಯವರು ಲಾರಿ ಹತ್ತಿ ಶಿವಮೊಗ್ಗದ ಕಡೆ ಕಾಡಿನಂಚಿಗೆ ಹೋದರು, ನಮ್ಮವರು ತುಮರಿ ಕಡೆ ಎತ್ತರದಲ್ಲಿ ಉಳಿದರು. ಉಳಿದವರ ಊರು ಮೂರು ದಿಕ್ಕಿಗೂ ನೀರು ಸುತ್ತಿಕೊಂಡು ದ್ವೀಪ ಅನ್ನಿಸಿಕೊಂಡಿತು. ನಿಜ ಹೇಳಬೇಕೆಂದರೆ ಪೂರಾ ದ್ವೀಪವಲ್ಲ, ಹಿಂದುಗಡೆ ಕಾಡಿನಲ್ಲಿ ನಿಟ್ಟೂರಿನ ಕಡೆಯಿಂದ ಸುತ್ತುದಾರಿ ಇದೆ. ಆದರೆ ಸಂಜೆಯ ಕೊನೆಯ ಲಾಂಚ್ ಹೋದ ಮೇಲೆ ಹೆರಿಗೆ ನೋವು ಬಂದವಳಿಗೆ, ಹಾವು ಕಚ್ಚಿದವನಿಗೆ ಆ ಸುತ್ತುದಾರಿ ಇದ್ದೂ ಇಲ್ಲದ ಹಾಗೇ. ಬೇಸಿಗೆಯಲ್ಲಿ ನೀರು ತೀರ ಇಳಿದರೆ ಲಾಂಚಿಗೆ ವಾಹನ ಹತ್ತಿಸುವುದೇ ನಿಲ್ಲುತ್ತಿತ್ತು. ನಾಡಿಗೆಲ್ಲ ದೀಪ ಹಚ್ಚಿದ ನೀರಿನ ದಡದಲ್ಲಿ ನಮ್ಮ ಹಳ್ಳಿಗಳಿಗೆ ಕರೆಂಟ್ ಬಂದದ್ದು ಎಷ್ಟೋ ವರ್ಷ ತಡವಾಗಿ.

ಅಜ್ಜಿಯ ಕಣ್ಣೀರು ಕಂಡು ನನ್ನೊಳಗೆ ಮೊದಲು ಎದ್ದದ್ದು ಕನಿಕರವಲ್ಲ, ಹೊಟ್ಟೆಕಿಚ್ಚು. ಒಂದು ಮರಳ ದಡಕ್ಕೆ ಐವತ್ತು ವರ್ಷ ಅಳುವ ಸೌಕರ್ಯ ಇವರಿಗಿದೆ! ಆ ನೀರು ಬಸಿದು ಹಳೆಯ ಸರೋವರವನ್ನು ವಾಪಸ್ ತರಬೇಕು ಅಂತ ಈಗಲೂ ಚಳವಳಿ ನಡೆಸುವವರಿದ್ದಾರೆ. ನಮ್ಮ ಮುಳುಗಡೆಯವರು ಇಂದಿಗೂ ಕೇಳುತ್ತಿರುವುದು ಕೊಟ್ಟ ಜಮೀನಿನ ಹಕ್ಕುಪತ್ರ. ಅರಣ್ಯದ ಜಾಗ, ಕಾನೂನಿನ ತೊಡಕು ಅಂತ ಮೊಮ್ಮಕ್ಕಳ ಕಾಲಕ್ಕೂ ಬಂದು ಮುಟ್ಟಿದೆ ಅದು.

ಆದರೆ ಅಳು ಅಲ್ಲಿಗೇ ನಿಲ್ಲಲಿಲ್ಲ ಅನ್ನುವುದನ್ನೂ ಒಪ್ಪಬೇಕು. ಪೆಡರ್ ಕಳೆದುಕೊಂಡವರು ಸೋತು ಮನೆಗೆ ಹೋಗಲಿಲ್ಲ. ಅದೇ 1972ರಲ್ಲಿ ಆ ಹೋರಾಟದಿಂದಲೇ ಒಂದು ಪಕ್ಷ ಹುಟ್ಟಿತು, ಜಗತ್ತಿನ ಮೊದಲ ಹಸಿರು ಪಕ್ಷ ಅಂತ ಅದನ್ನು ಕರೆಯುತ್ತಾರೆ. ಮುಂದೆ ಪಕ್ಕದ ಫ್ರಾಂಕ್ಲಿನ್ ನದಿಯನ್ನೂ ಮುಳುಗಿಸುವ ಯೋಜನೆ ಬಂದಾಗ, 1982ರ ಡಿಸೆಂಬರಿನಿಂದ ಜನ ದೋಣಿಗಳಲ್ಲಿ ಹೋಗಿ ನದಿಗೆ ಅಡ್ಡ ನಿಂತರು. ಸಾವಿರಕ್ಕೂ ಹೆಚ್ಚು ಜನರ ಬಂಧನವಾಯಿತು. 1983ರ ಜುಲೈ 1ರಂದು ಆಸ್ಟ್ರೇಲಿಯಾದ ಅತ್ಯುನ್ನತ ನ್ಯಾಯಾಲಯವಾದ ಹೈಕೋರ್ಟ್ 4–3ರ ಬಹುಮತದಲ್ಲಿ ಅಣೆಕಟ್ಟು ಬೇಡವೆಂದಿದ್ದ ಕೇಂದ್ರ ಸರ್ಕಾರದ ಪರ ತೀರ್ಪು ಕೊಟ್ಟು, ಅಣೆಕಟ್ಟಿನ ಯೋಜನೆ ಕೈಬಿಟ್ಟಿತು. ಆ ದೋಣಿಗಳು ಹೊರಡುತ್ತಿದ್ದದ್ದು ಸ್ಟ್ರಾನ್‌ನಿಂದ. ಈಗ ಪ್ರವಾಸಿಗರನ್ನು ಗಾರ್ಡನ್ ನದಿಯೊಳಕ್ಕೆ ಒಯ್ಯುವ ದೋಣಿವಿಹಾರವೂ ಅಲ್ಲಿಂದಲೇ. ನಾವೂ ಅದರ ಟಿಕೆಟ್ ತೆಗೆದಿದ್ದೇವೆ, ಕಿಟಕಿ ಪಕ್ಕದ ಸೀಟು.

ನಮ್ಮ ಸಾಗರದವರಿಗೆ ಹೋರಾಡಲು ಬರುತ್ತಿರಲಿಲ್ಲ ಅನ್ನುವಂತಿಲ್ಲ. 1951ರಲ್ಲಿ ಕಾಗೋಡು ಸತ್ಯಾಗ್ರಹ ಮಾಡಿ ಗೇಣಿದಾರರ ಮಾತನ್ನು ದೇಶಕ್ಕೆ ಕೇಳಿಸಿದ ನೆಲ ಅದು. ಹದಿಮೂರು ವರ್ಷದ ಮೇಲೆ ಅದೇ ತಾಲ್ಲೂಕಿನ ಜನ ನಾಡಿಗೆ ಬೆಳಕಾಗಲಿ ಅಂತ ಗಂಟು ಕಟ್ಟಿಕೊಂಡು ಎದ್ದರು. ಎದ್ದದ್ದಕ್ಕೆ ಅವರನ್ನು ತ್ಯಾಗಿಗಳು ಅಂತ ಕರೆದು ಮುಗಿಸಿದೆವು. ಈಗ ಅದೇ ಕಣಿವೆಯಲ್ಲಿ, ಸಿಂಗಳೀಕಗಳ ಅಭಯಾರಣ್ಯದಲ್ಲಿ, ನೀರನ್ನು ಮೇಲಕ್ಕೆತ್ತಿ ಮತ್ತೆ ಕೆಳಗಿಳಿಸಿ ವಿದ್ಯುತ್ ಮಾಡುವ 2,000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆ ಬಂದಿದೆ. ವಿರೋಧಿಸುವವರು ವಿರೋಧಿಸುತ್ತಿದ್ದಾರೆ. ಬೆಂಗಳೂರಿನ ಗೆಳತಿಯರಿಗೆ ಫೋನಿನಲ್ಲಿ ಇದನ್ನು ಹೇಳಿದರೆ ಅವರು ಬೇರೆಯೇ ದುಃಖ ತೋಡಿಕೊಳ್ಳುತ್ತಾರೆ: “ಸೇತುವೆ ಆಯ್ತಲ್ಲ, ಸಿಗಂದೂರಿಗೆ ಹೋಗೋ ಮಜಾನೇ ಹೋಯ್ತು ಕಣೇ. ಲಾಂಚಲ್ಲಿ ಆ ಸನ್‌ಸೆಟ್ಟು!” 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಮಧ್ಯೆ ಸುಮಾರು 2.4 ಕಿಲೋಮೀಟರಿನ ಸೇತುವೆ ಉದ್ಘಾಟನೆಯಾದಾಗ ಅಪ್ಪಯ್ಯ ಅದರ ಮೇಲೆ ಈ ತುದಿಯಿಂದ ಆ ತುದಿಗೆ ನಡೆದೇ ಹೋಗಿ ಬಂದಿದ್ದರು. ಗೆಳತಿಗೆ ಅದನ್ನು ಹೇಳಲು ಹೋಗಲಿಲ್ಲ. ವರ್ಷಕ್ಕೊಮ್ಮೆ ಹತ್ತುವವರಿಗೆ ಲಾಂಚು ಚಂದ, ನಾಳೆ ನಾನೂ ಡೆಕ್ಕಿನ ಮೇಲೆ ನಿಂತು ಫೋಟೋ ಹೊಡೆಯುವವಳೇ ತಾನೆ.

ಹಾಗೆಯೇ ಅಜ್ಜಿಯ ದ್ವೀಪವೂ ಯಾರೂ ಇಲ್ಲದ ದ್ವೀಪವೇನಲ್ಲ. ಮಗಳು ಕೇಳಿದಾಗ ‘ಯಾರ ಮನೆಯೂ ಇರಲಿಲ್ಲ’ ಅಂದೆನಲ್ಲ, ಆ ಮಾತು ಆಮೇಲೆ ಕೊರೆಯಿತು. ಬೇ ಆಫ್ ಫೈರ್ಸ್‌ಗೆ ಆ ಹೆಸರು ಬಂದದ್ದು 1773ರಲ್ಲಿ ಟೊಬಾಯಸ್ ಫರ್ನೊ ಅನ್ನುವ ಇಂಗ್ಲಿಷ್ ಕಪ್ತಾನ ಹಡಗಿನಿಂದ ದಡದುದ್ದಕ್ಕೂ ಬೆಂಕಿ ಉರಿಯುವುದನ್ನು ಕಂಡದ್ದರಿಂದ. ಅದು ಅಲ್ಲಿನ ಮೂಲನಿವಾಸಿಗಳ ಬೆಂಕಿ. ಆ ದಡಕ್ಕೆ ಅವರ ಹೆಸರು ಲಾರಾಪುನ. 1830ರ ದಶಕದಲ್ಲಿ ಅಳಿದುಳಿದ ಅವರನ್ನು ಹಿಡಿದು ಫ್ಲಿಂಡರ್ಸ್ ದ್ವೀಪಕ್ಕೆ ಸಾಗಿಸಿದರು, ಬಹಳಷ್ಟು ಜನ ಅಲ್ಲೇ ಸತ್ತರು. ಅವರ ಸಂತತಿಯವರು ಈಗಲೂ ಇದ್ದಾರೆ, ತಮ್ಮ ನೆಲ ಕೇಳುತ್ತಿದ್ದಾರೆ. ಅವರಿಗೆ ಹೋಲಿಸಿದರೆ ಅಜ್ಜಿಯೂ ನಿನ್ನೆ ಮೊನ್ನೆ ಬಂದವರು, ನಾನಂತೂ ಇವತ್ತು ಬೆಳಗ್ಗೆ ಬಂದವಳು.

ಮಗಳ ಮುಂದಿನ ಯೋಜನೆ ಅಜ್ಜನ ದ್ವೀಪವನ್ನು ಹೀಗೇ ಕಾರಿನಲ್ಲಿ ಸುತ್ತುವುದು. ಅಲ್ಲಿ ಸುತ್ತುರಸ್ತೆ ಇಲ್ಲ ಅಂತ ವಿವರಿಸಬೇಕಾಯಿತು. ಹಿನ್ನೀರಿನ ದಡದ ಹಳೆಯ ರಸ್ತೆಗಳು ಹಾಗೇ ನೇರ ಹೋಗಿ ನೀರಿಗಿಳಿಯುತ್ತವೆ. ನೀರು ತೀರ ಕಡಿಮೆಯಾದ ವರ್ಷ, ಮೇ ತಿಂಗಳಲ್ಲಿ, 1948ರ ಮಡೆನೂರು ಅಣೆಕಟ್ಟು ಮೇಲೆದ್ದು ನಿಲ್ಲುತ್ತದೆ. ಒಂದು ಅಣೆಕಟ್ಟು ಮುಳುಗಿಸಿ ಇನ್ನೊಂದು ಅಣೆಕಟ್ಟು ಕಟ್ಟಿದ ಊರು ನಮ್ಮದು ಅಂದರೆ ಅವಳಿಗೆ ನಂಬಿಕೆಯಿಲ್ಲ, ಫೋಟೋ ಕೇಳುತ್ತಾಳೆ. ಅಪ್ಪಯ್ಯನಿಗೆ ಹೇಳಿದ್ದೇನೆ, ಈ ಸಲ ನೀರಿಳಿದರೆ ತೆಗೆದು ಕಳಿಸುತ್ತಾರೆ.

ಅಜ್ಜಿ ಮತ್ತೆ ಸಿಕ್ಕಾಗ ನಮ್ಮ ಊರಿನ ಕತೆ ಹೇಳಿದೆ. ಬಹಳ ಹೊತ್ತು ಕೇಳಿಸಿಕೊಂಡರು. ಎಷ್ಟು ಮನೆ, ಎಲ್ಲಿಗೆ ಹೋದರು, ದನಕರು ಏನಾದವು, ಒಂದೊಂದನ್ನೂ ಕೆದಕಿ ಕೇಳಿದರು. ನನಗೆ ಅರ್ಧಕ್ಕರ್ಧ ಗೊತ್ತಿರಲಿಲ್ಲ. ಅಪ್ಪಯ್ಯನನ್ನು ಇಷ್ಟು ವಿವರವಾಗಿ ನಾನು ಯಾವತ್ತೂ ಕೇಳಿರಲೇ ಇಲ್ಲ. ಈಗ ಪ್ರತಿ ಭಾನುವಾರದ ಕಾಲಿನಲ್ಲಿ ಮಗಳ ಕೈಯಲ್ಲಿ ನೋಟ್‌ಬುಕ್ಕು, ಅಜ್ಜ ಹೇಳುತ್ತಾ ಹೋಗುತ್ತಾರೆ: ಯಾರ ಮನೆ, ಯಾರ ತೋಟ, ಎಷ್ಟು ಜೊತೆ ಎತ್ತು.

ಪೆಡರ್‌ಗೆ ಹೋಗುವುದೋ ಬೇಡವೋ ಅನ್ನುವುದು ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ. ಸ್ಟ್ರಾತ್‌ಗಾರ್ಡನ್‌ನಿಂದ ಮುಂದೆ ಅಣೆಕಟ್ಟಿಗೆ ಹೋಗಿ ರಸ್ತೆ ಮುಗಿಯುತ್ತದೆ, ಹೋದ ದಾರಿಯಲ್ಲೇ ವಾಪಸ್ ಬರಬೇಕು, ಕತ್ತಲಾಗುವ ಮುಂಚೆ ಹೋಬಾರ್ಟ್ ಮುಟ್ಟಬೇಕು. ಒಂದು ದಿನ ಪೂರ್ತಿ ಹೋಗುತ್ತದೆ, ಅದರ ಬದಲು ಬ್ರೂನಿ ದ್ವೀಪ ನೋಡಬಹುದು ಅನ್ನುತ್ತಾನೆ ನನ್ನ ಗಂಡ. ನಾನು ನಕ್ಷತ್ರ ಅಳಿಸಲು ಬಿಟ್ಟಿಲ್ಲ. ಅಜ್ಜಿಯನ್ನೂ ಜೊತೆಗೆ ಕರೆದೆ. ಬರಲ್ಲ ಅಂದರು, ಆದರೆ ಯಾವ ತಿರುವಿನಲ್ಲಿ ಕಾರು ನಿಲ್ಲಿಸಿದರೆ ಹಳೆಯ ದಡ ಇದ್ದ ದಿಕ್ಕು ಕಾಣುತ್ತದೆ ಅಂತ ನಕ್ಷೆಯಲ್ಲಿ ಗುರುತು ಹಾಕಿಕೊಟ್ಟಿದ್ದಾರೆ.