"ಮಿಕ್ಸಿಂಗ್‌ನಲ್ಲಿ ಏನಾದ್ರೂ ಮಾಡಿ ಸರ್"

ನಾನು ಬೆಂಗಳೂರಿನ ಒಂದು ಸ್ಟುಡಿಯೋದಲ್ಲಿ ಸೌಂಡ್ ಇಂಜಿನಿಯರ್. ಹಳೇ ಬ್ಯಾಂಡ್‌ಗಳು ಹೊಸ ಆಲ್ಬಂ ಮಾಡಲು ಬಂದಾಗ ಈ ಮಾತು ಬಂದೇ ಬರುತ್ತದೆ. "ನಮ್ಮದು ಯಾವಾಗಲೂ ಒಂದೇ ಥರ ಕೇಳಿಸ್ತಿದೆ, ಮಿಕ್ಸಿಂಗ್‌ನಲ್ಲಿ ಸ್ವಲ್ಪ ರೆಗ್ಗೆ ಫೀಲ್ ಕೊಡಿ." ರೆಗ್ಗೆ ಅಂದರೆ ಜಮೈಕಾದ ಸಂಗೀತ ಶೈಲಿ. ಮಿಕ್ಸಿಂಗ್ ಅಂದರೆ ರೆಕಾರ್ಡ್ ಆದ ವಾದ್ಯಗಳ ಸದ್ದನ್ನು ಒಟ್ಟಿಗೆ ಹೊಂದಿಸುವ ಕೆಲಸ. ರೆಗ್ಗೆ ಫೀಲ್ ಅಲ್ಲಿ ಬರುವುದಿಲ್ಲ. ಯಾಕೆ ಅಂತ ತೋರಿಸಲು ಇಂಗ್ಲೆಂಡಿನ ಕ್ಲ್ಯಾಶ್ ಬ್ಯಾಂಡಿನ 'ಲಂಡನ್ ಕಾಲಿಂಗ್' ಆಲ್ಬಂ ಹಾಕುತ್ತೇನೆ.

1977ರಲ್ಲಿ ಮೊದಲ ಆಲ್ಬಂ ತಂದಾಗ ಕ್ಲ್ಯಾಶ್ ಅಪ್ಪಟ ಪಂಕ್ ಬ್ಯಾಂಡ್, ಅಂದರೆ ವೇಗದ, ಒರಟು ರಾಕ್ ನುಡಿಸುವವರು. ಅದರಲ್ಲಿ ಒಂದು ರೆಗ್ಗೆ ಹಾಡು ಇತ್ತು, ಅಷ್ಟೆ. 1979ರ ಡಿಸೆಂಬರ್‌ನಲ್ಲಿ ಬಂದ ಈ ಮೂರನೇ ಆಲ್ಬಂನಲ್ಲಿ ರೆಗ್ಗೆ, ಸ್ಕಾ, ರಾಕಬಿಲಿ, ಜಾಜ್ ಎಲ್ಲ ಇದೆ. ಎರಡು ಎಲ್‌ಪಿ, 19 ಹಾಡು. ಆರ್ಗನ್ ಬಂತು, ಹಾರ್ನ್ಸ್ ಬಂತು. ಆದರೆ ನನ್ನ ಕಿವಿಗೆ ದೊಡ್ಡ ಬದಲಾವಣೆ ಡ್ರಮ್ಸ್‌ನಲ್ಲೇ. ಮೊದಲ ಆಲ್ಬಂ ಆದಮೇಲೆ ಸೇರಿದ ಡ್ರಮ್ಮರ್ ಟಾಪರ್ ಹೆಡನ್ ಅವರಿಗೆ ಜಾಜ್, ಸೋಲ್ ಎಲ್ಲ ಚೆನ್ನಾಗಿ ಬರುತ್ತಿತ್ತು. 1979ರ ಬೇಸಿಗೆಯಲ್ಲಿ ಬ್ಯಾಂಡಿನವರೆಲ್ಲ ಲಂಡನ್ನಿನ ಪಿಮ್ಲಿಕೋದಲ್ಲಿ ಕೂತು ಪ್ರಾಕ್ಟೀಸ್ ಮಾಡಿದರು. ಬೇರೆಯವರ ಹಳೇ ಹಾಡು ನುಡಿಸಿದರು, ನಡುವೆ ಫುಟ್‌ಬಾಲ್ ಆಡಿದರು. ಸ್ಟುಡಿಯೋಗೆ ಹೋಗುವ ಹೊತ್ತಿಗೆ ಹಾಡುಗಳು ಕೈಗೆ ಕೂತಿದ್ದವು.

ರೆಗ್ಗೆಯನ್ನೇ ತಗೊಳ್ಳಿ. 'ಒನ್ ಡ್ರಾಪ್' ರಿದಮ್‌ನಲ್ಲಿ ನಾಲ್ಕು ಬೀಟ್‌ಗಳ ಪೈಕಿ ಮೊದಲನೆಯದು ಖಾಲಿ. ಕಿಕ್ (ಕಾಲಲ್ಲಿ ಬಾರಿಸುವ ದೊಡ್ಡ ಡ್ರಮ್), ಸ್ನೇರ್ (ಕೋಲಲ್ಲಿ ಬಾರಿಸುವ ಚುರುಕು ಸದ್ದಿನ ಡ್ರಮ್) ಎರಡೂ ಒಟ್ಟಿಗೆ ಮೂರನೆಯದರ ಮೇಲೆ ಬೀಳುತ್ತವೆ. ಆ ಖಾಲಿ ಜಾಗದಲ್ಲಿ ಬೇಸ್ ಗಿಟಾರ್ ಓಡಾಡುತ್ತದೆ. ನಮ್ಮಲ್ಲಿಗೆ ಬರುವ ಎಷ್ಟೋ ಬ್ಯಾಂಡ್‌ಗಳಲ್ಲಿ ರಿದಮ್ ಗಿಟಾರ್ ಚಕ್ ಚಕ್ ಅಂತ ರೆಗ್ಗೆ ನುಡಿಸುತ್ತಿದ್ದರೂ ಡ್ರಮ್ಮರ್ ಕಾಲು ಇನ್ನೂ ಪಂಕ್‌ನಲ್ಲೇ ಓಡುತ್ತಿರುತ್ತದೆ. ಮೊದಲ ಬೀಟ್ ತುಂಬಿಹೋದರೆ ಬೇಸ್‌ಗೆ ಜಾಗ ಎಲ್ಲಿ? ಇಕ್ಯೂ (ಸದ್ದಿನ ದಪ್ಪ, ಚೂಪು ಹೆಚ್ಚು ಕಡಿಮೆ ಮಾಡುವ ಸಾಧನ) ತಿರುಗಿಸಿ ಬೇಸನ್ನು ಜೋರು ಮಾಡಬಹುದು, ಇಲ್ಲದ ಜಾಗ ಹುಟ್ಟಿಸಲು ಆಗುವುದಿಲ್ಲ ಅಲ್ವಾ? ಅದಕ್ಕೇ ಅವರದೇ ರೆಕಾರ್ಡಿಂಗ್‌ನಲ್ಲಿ ಉಳಿದದ್ದೆಲ್ಲ ಮ್ಯೂಟ್ ಮಾಡಿ ಬೇಸ್, ಡ್ರಮ್ಸ್ ಎರಡೇ ಕೇಳಿಸುತ್ತೇನೆ. ಸುಮ್ನೆ ಬಾಯಲ್ಲಿ ಹೇಳಿದರೆ ಯಾರೂ ಒಪ್ಪುವುದಿಲ್ಲ. ಕೇಳಿದ ಕೂಡಲೇ ಡ್ರಮ್ಮರ್‌ಗೇ ಮೊದಲು ಗೊತ್ತಾಗುತ್ತದೆ.

'ಲಂಡನ್ ಕಾಲಿಂಗ್' ಪ್ರೊಡ್ಯೂಸರ್ ಗೈ ಸ್ಟೀವನ್ಸ್ ಅವರಿಂದ ಕಲಿತದ್ದೂ ಒಂದಿದೆ. ಹುಡುಗರಿಗೆ ಕಾವೇರಲಿ ಅಂತ ಅವರು ಸ್ಟುಡಿಯೋದಲ್ಲಿ ಕುರ್ಚಿ ಎಸೆಯುತ್ತಿದ್ದರು. ಅದನ್ನು ನಾನು ಯಾರಿಗೂ ಹೇಳಿಕೊಡುವುದಿಲ್ಲ! ಆದರೆ 'ಬ್ರ್ಯಾಂಡ್ ನ್ಯೂ ಕ್ಯಾಡಿಲಾಕ್' ಹಾಡಿನಲ್ಲಿ ವೇಗ ಏರುತ್ತಾ ಹೋದರೂ ಅವರು ಆ ಟೇಕನ್ನೇ ಉಳಿಸಿದರು. ಅದರ ಜೀವ ಇರುವುದೇ ಆ ಓಟದಲ್ಲಿ. ಹಾಗಾಗಿ ಹೊಸ ಶೈಲಿಗೆ ಕೈ ಹಾಕಿದ ಬ್ಯಾಂಡ್‌ಗೆ ಮೊದಲ ಟೇಕ್‌ಗಳಲ್ಲಿ ನಾನು ಕ್ಲಿಕ್ ಟ್ರ್ಯಾಕ್ (ವೇಗ ತಪ್ಪದಂತೆ ಹೆಡ್‌ಫೋನ್‌ನಲ್ಲಿ ಕೇಳಿಸುವ ಟಿಕ್ ಟಿಕ್ ಸದ್ದು) ಹಾಕುವುದಿಲ್ಲ.

ನಿಮ್ಮ ಬ್ಯಾಂಡ್ ಬೇರೆ ದಾರಿ ಹಿಡಿಯುವುದಿದ್ದರೆ, ಸ್ಟುಡಿಯೋ ಬುಕ್ ಮಾಡುವ ಮೊದಲು ಪ್ರಾಕ್ಟೀಸ್ ರೂಮಿನಲ್ಲಿ ಫೋನ್‌ನಲ್ಲೇ ಬೇಸ್, ಡ್ರಮ್ಸ್ ಎರಡನ್ನೇ ರೆಕಾರ್ಡ್ ಮಾಡಿ ಕೇಳಿ. ಅಷ್ಟರಲ್ಲೇ ಹಾಡು ಯಾವ ಥರದ್ದು ಅಂತ ಗೊತ್ತಾದರೆ ಬನ್ನಿ, ಮೈಕ್ ಇಡೋಣ.