ಬಜ್ಪೆಯಿಂದ ನ್ಯೂಯಾರ್ಕ್: ಸುತ್ತು ಎಲ್ಲಿ, ಹೊತ್ತು ಎಲ್ಲಿ?

ಭೂಗೋಳದ ಮೇಲೆ ದಾರ ಎಳೆದು ಅಳೆದರೆ ಮಂಗಳೂರಿನ ಬಜ್ಪೆ ನಿಲ್ದಾಣಕ್ಕೂ ನ್ಯೂಯಾರ್ಕ್‌ನ ಜೆಎಫ್‌ಕೆಗೂ ಸುಮಾರು 13,240 ಕಿ.ಮೀ. ನೇರ ವಿಮಾನವಿಲ್ಲ. ಗುಡ್ಡದ ನೆತ್ತಿಯಲ್ಲಿರುವ ಇಲ್ಲಿನ ರನ್‌ವೇ 2,450 ಮೀಟರ್. ಅಷ್ಟು ದೂರದ ಇಂಧನ ಹೊತ್ತ ದೊಡ್ಡ ವಿಮಾನ ಏಳಲು ಅದು ಸಾಲದು. ಬೋಯಿಂಗ್ 737, ಏರ್‌ಬಸ್ 320 ಗಾತ್ರದ್ದರಲ್ಲಿ ಮುಂಬೈಗೋ ದುಬೈಗೋ ಹೋಗಿ ಅಲ್ಲಿ ದೊಡ್ಡದನ್ನು ಹತ್ತಬೇಕು.

ದುಬೈ ಎಂದರೆ ಸುತ್ತು ಎನ್ನುವವರು ಬಹಳ. ಕೂಡಿ ನೋಡಿ: ಬಜ್ಪೆ–ದುಬೈ 2,460, ಅಲ್ಲಿಂದ ಜೆಎಫ್‌ಕೆ 11,000, ಒಟ್ಟು 13,460. ಹೆಚ್ಚಾದದ್ದು 220 ಕಿ.ಮೀ., ಆಕಾಶದಲ್ಲಿ ಕಾಲು ಗಂಟೆಯ ಹಾದಿ. ಮುಂಬೈ ಮೇಲೆ 715 ಮತ್ತು 12,530. ನೇರ ದಾರಿಗಿಂತ ಹತ್ತು ಕಿಲೋಮೀಟರ್ ಹೆಚ್ಚೂ ಇಲ್ಲ. ಇದು ಕಾಗದದ ಲೆಕ್ಕ. ಮುಚ್ಚಿದ ವಾಯುಪ್ರದೇಶ, ಎದುರುಗಾಳಿ ನೋಡಿ ಪೈಲಟ್‌ಗಳು ಬೇರೆ ದಾರಿ ಹಿಡಿಯುತ್ತಾರೆ.

ಹಾರಾಟ ಮುಂಬೈ ಮೇಲೆ ಸುಮಾರು ಒಂದೂವರೆ ಮತ್ತು ಹದಿನಾರು ಗಂಟೆ, ದುಬೈ ಮೇಲೆ ನಾಲ್ಕು ಮತ್ತು ಹದಿನಾಲ್ಕು. ಟಿಕೆಟ್‌ನಲ್ಲಿ ಆಯಾ ಊರಿನ ಗಡಿಯಾರವಿರುವುದರಿಂದ ಇದು ಕಣ್ಣಿಗೆ ಕಾಣುವುದಿಲ್ಲ. ಬೆಳಿಗ್ಗೆ 8ಕ್ಕೆ ಬಜ್ಪೆ ಬಿಟ್ಟು 10.30ಕ್ಕೆ ದುಬೈ ಎಂದಿದ್ದರೆ ಎರಡೂವರೆ ಗಂಟೆಗೆ ಒಂದೂವರೆ ಸೇರಿಸಿ. ನ್ಯೂಯಾರ್ಕ್ ನಮಗಿಂತ ಬೇಸಿಗೆಯಲ್ಲಿ ಒಂಬತ್ತೂವರೆ, ಚಳಿಗಾಲದಲ್ಲಿ ಹತ್ತೂವರೆ ಗಂಟೆ ಹಿಂದೆ.

ಹೊತ್ತು ಸೋರುವುದು ನೆಲದ ಮೇಲೆ. ಉಡುಪಿಯಿಂದ ಹೊರಡುವವರು ಮೂಲ್ಕಿ, ಕಿನ್ನಿಗೋಳಿ, ಕಟೀಲು ದಾರಿಯಲ್ಲಿ ಬಂದರೂ ಕೂಳೂರು, ಕಾವೂರು, ಮರವೂರು ಸೇತುವೆ ದಾಟಿ ಬಂದರೂ ಒಂದೂವರೆ ಗಂಟೆ ಇಟ್ಟುಕೊಳ್ಳಬೇಕು, ಮಳೆಗಾಲದಲ್ಲಿ ಎರಡು. ಸೂಟ್‌ಕೇಸಿನಲ್ಲಿ ಒಣಕೊಬ್ಬರಿ ಬೇಡ. ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಲ್ಲ ಸರಕಿನ ಪಟ್ಟಿಯಲ್ಲಿ ಅದೂ ಇದೆ; ಚೆಕ್‌ಇನ್ ಕಳೆದ ಮೇಲೆ ಕರೆಸಿ ಬಿಚ್ಚಿಸಿದರೆ ಅರ್ಧ ಗಂಟೆ ಹೋಯಿತು.

ಮುಂಬೈಯಲ್ಲಿ ಕೆಲವು ದೇಶೀಯ ವಿಮಾನಗಳು ಟರ್ಮಿನಲ್ 1ಕ್ಕೆ ಬರುತ್ತವೆ, ಅಮೆರಿಕದ್ದು ಹೊರಡುವುದು 2ರಿಂದ. ನಡುವೆ ರಸ್ತೆಯಲ್ಲೋ ಮೆಟ್ರೊದಲ್ಲೋ ಹೋಗಬೇಕು, ರಸ್ತೆಯಾದರೆ ಟ್ರಾಫಿಕ್ ಬೇರೆ. ಎರಡೂ ಹಂತ ಒಂದೇ ಪಿಎನ್‌ಆರ್‌ನಲ್ಲಿದ್ದರೆ ಮೂರು ಗಂಟೆ ಸಾಕಾಗಬಹುದು. ಬೇರೆಬೇರೆ ಟಿಕೆಟ್ ಆದರೆ ಲಗೇಜ್ ತೆಗೆದು ಮತ್ತೆ ಕೊಡಬೇಕು, ಮೊದಲನೆಯದು ತಡವಾದರೆ ಎರಡನೆಯದರ ದುಡ್ಡು ಕೈಬಿಟ್ಟಂತೆ. ಐದಾರು ಗಂಟೆಗಿಂತ ಕಡಿಮೆ ಬೇಡ. ಎರಡು ಸಾವಿರ ಉಳಿಸಲು ಹೋಗಿ ಈ ತಪ್ಪು ಮಾಡುವವರೇ ಹೆಚ್ಚು. ವಯಸ್ಸಾದವರಿಗೆ ದುಬೈ ದಾರಿ ಹಗುರ: ಬಜ್ಪೆಯಲ್ಲೇ ಇಮಿಗ್ರೇಷನ್ ಮುಗಿಯುತ್ತದೆ.

ಬರುವಾಗ ಹಿಂದಿನಿಂದ ತಳ್ಳುವ ಜೆಟ್ ಗಾಳಿಯಿಂದ ಒಂದೆರಡು ಗಂಟೆ ಉಳಿಯುತ್ತದೆ. ಅದನ್ನು ಮುಂಬೈ ಕಸ್ಟಮ್ಸ್ ನುಂಗುತ್ತದೆ: ಮಂಗಳೂರಿನವರೆಗೆ ಟ್ಯಾಗ್ ಹಾಕಿದ್ದರೂ ಅಲ್ಲಿ ಲಗೇಜ್ ಇಳಿಸಿಕೊಂಡು, ತಪಾಸಣೆ ದಾಟಿ, ಮತ್ತೆ ಕೊಡಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಜ್ಪೆಯಲ್ಲಿ ಮೋಡ ಕವಿದು ರನ್‌ವೇ ಕಾಣದಿದ್ದರೆ ವಿಮಾನ ಬೆಂಗಳೂರಿಗೋ ಕೊಚ್ಚಿಗೋ ತಿರುಗುತ್ತದೆ. ಆಗ ಇಳಿದು ಟ್ಯಾಕ್ಸಿ ಹಿಡಿಯುವ ಆತುರ ಬೇಡ. ಮೋಡ ಸರಿದ ಮೇಲೆ ಹೆಚ್ಚಾಗಿ ಅದೇ ವಿಮಾನ ವಾಪಸ್ ಬರುತ್ತದೆ, ಆ ಮಳೆಯಲ್ಲಿ ಶಿರಾಡಿ ಘಾಟಿ ತೆರೆದಿರುತ್ತದೆ ಎಂಬ ಖಾತ್ರಿಯೂ ಇಲ್ಲ.