ಅರ್ಜಿ ಬಿದ್ದ ದಿನ ಕಣಜದಲ್ಲಿ ಎಷ್ಟಿತ್ತು?

ಅಮೆರಿಕದ ದಿವಾಳಿ ಕಾನೂನಿನಲ್ಲಿ ರೈತ ಕುಟುಂಬಗಳಿಗೆಂದೇ, ಯೋಜನೆ ಹಾಕಿ ಸಾಲ ತೀರಿಸಲು ಬಿಡುವ ಚಾಪ್ಟರ್ 12 ಎಂಬ ಅಧ್ಯಾಯ ಇದೆ. ಎಂಬತ್ತರ ದಶಕದ ಕೃಷಿ ಬಿಕ್ಕಟ್ಟಿನಲ್ಲಿ ಜಮೀನುಗಳು ಸಾಲುಸಾಲಾಗಿ ಹರಾಜಿಗೆ ಬಂದಾಗ, 1986ರಲ್ಲಿ ತಾತ್ಕಾಲಿಕವಾಗಿ ತಂದದ್ದು. 2005ರಲ್ಲಿ ಕಾಯಂ ಆಯಿತು. 2025ರ ಏಪ್ರಿಲ್‌ನಿಂದ ಸಾಲದ ಮಿತಿ 1,25,62,250 ಡಾಲರ್. ಸಾಲದಲ್ಲಿ ಕನಿಷ್ಠ ಅರ್ಧ ಬೇಸಾಯದ್ದೇ ಆಗಿರಬೇಕು. ರೈತನನ್ನು ಬಲವಂತವಾಗಿ ದಿವಾಳಿಗೆ ಎಳೆಯಲು ಸಾಲ ಕೊಟ್ಟವರಿಗೆ ಅಧಿಕಾರವಿಲ್ಲ. ದಿವಾಳಿ ಅರ್ಜಿಯ ದಿನವನ್ನು ಆರಿಸುವವನು ರೈತನೇ, ಆದರೆ ಸಾಲ ಕೊಟ್ಟ ನಮ್ಮಂಥವರ ಒತ್ತೆ ಹಕ್ಕು ನಿಲ್ಲುವುದು ಆ ದಿನದ ಲೆಕ್ಕದ ಮೇಲೆ.

ಕಾರಣ ಆ ದಿವಾಳಿ ಕಾನೂನಿನ ಸೆಕ್ಷನ್ 552. ಸಾಲಪತ್ರದಲ್ಲಿ 'ಈಗಿರುವ ಮತ್ತು ಮುಂದೆ ಬರುವ ಎಲ್ಲ ಬೆಳೆ' ಎಂದು ಬರೆಸಿಕೊಂಡಿದ್ದರೂ, ಅರ್ಜಿಯಾದ ಮೇಲೆ ಬಿತ್ತಿದ ಬೆಳೆಗೆ ಆ ಮಾತು ತಾಗುವುದಿಲ್ಲ. ಅಕ್ಟೋಬರ್‌ನಲ್ಲಿ ಬಿತ್ತಿದ ಚಳಿಗಾಲದ ಗೋಧಿ ನೆಲದಲ್ಲಿದ್ದು ಅರ್ಜಿ ಫೆಬ್ರವರಿಯಲ್ಲಿ ಬಿದ್ದರೆ ಹಕ್ಕು ಉಳಿಯುತ್ತದೆ. ಮಾರ್ಚ್‌ನಲ್ಲಿ ಅರ್ಜಿ ಹಾಕಿ ಮೇ ತಿಂಗಳಲ್ಲಿ ಜೋಳ ಬಿತ್ತಿದರೆ, ಆ ಜೋಳ ನಮ್ಮದಲ್ಲ. ಅದೇ ಹೈನು ಮನೆಯಾದರೆ, ಅರ್ಜಿಯ ನಂತರ ಕರೆದ ಹಾಲನ್ನೂ ಒತ್ತೆ ಹಸುಗಳ ಉತ್ಪನ್ನವೆಂದು ಹಲವು ನ್ಯಾಯಾಲಯಗಳು ಒಪ್ಪಿವೆ.

ಹಾಗಾಗಿ ಮೊದಲ ವಾರದ ಕೆಲಸ ವಕೀಲರ ಕಚೇರಿಯಲ್ಲಿಲ್ಲ, ಹೊಲದಲ್ಲಿದೆ. ರೈತನ ವಕೀಲರ ಮೂಲಕ ಅನುಮತಿ ಪಡೆದು, ಟೇಪು ಹಿಡಿದು ಹೋಗಬೇಕು. ದುಂಡನೆಯ ಕಬ್ಬಿಣದ ಕಣಜದ ಅಳತೆ ಹೀಗೆ: ವ್ಯಾಸವನ್ನು ಅದರಿಂದಲೇ ಗುಣಿಸಿ, 0.785ರಿಂದ ಗುಣಿಸಿ, ಕಾಳಿನ ಎತ್ತರದಿಂದ ಗುಣಿಸಿದರೆ ಘನ ಅಡಿ, ಅದನ್ನು 0.8ರಿಂದ ಗುಣಿಸಿದರೆ ಬುಶೆಲ್, ಅಂದರೆ ಅಲ್ಲಿ ಕಾಳು ಅಳೆಯುವ ಮಾನ. 36 ಅಡಿ ವ್ಯಾಸ, 18 ಅಡಿ ಎತ್ತರವಿದ್ದರೆ ಸುಮಾರು 14,650 ಬುಶೆಲ್ ಜೋಳ. ಮೇಲೆ ಗೋಪುರದಂತೆ ರಾಶಿ ನಿಂತಿದ್ದರೆ ಆ ಗೋಪುರದ ಎತ್ತರದ ಮೂರನೇ ಒಂದು ಭಾಗ ಮಾತ್ರ ಸೇರಿಸಿ. ದಿನಾಂಕವಿರುವ ಫೋಟೊ, ದನಗಳ ಕಿವಿಯೋಲೆ ಸಂಖ್ಯೆ, ಟ್ರ್ಯಾಕ್ಟರಿನ ಗಂಟೆ ಮೀಟರ್ ಎಲ್ಲವೂ ಕಡತಕ್ಕೆ ಸೇರಲಿ. ಜಮೀನು ಪಾಲಿಗೆ ಹಿಡಿದದ್ದಾದರೆ ಆ ರಾಶಿಯಲ್ಲಿ ಜಮೀನುದಾರರ ಪಾಲೂ ಇರುತ್ತದೆ. ಅದನ್ನು ಕಳೆಯದೆ ಕೊಟ್ಟ ಲೆಕ್ಕ ವಿಚಾರಣೆಯಲ್ಲಿ ನಿಲ್ಲುವುದಿಲ್ಲ.

ಈ ಲೆಕ್ಕ ಬೇಕಾಗುವುದು ಕಾಳು ಮಾರಿದ ಹಣದ ಮಾತು ಬಂದಾಗ. ನಮ್ಮ ಒಪ್ಪಿಗೆ ಅಥವಾ ನ್ಯಾಯಾಲಯದ ಆದೇಶವಿಲ್ಲದೆ ರೈತ ಆ ಹಣ ಮುಟ್ಟುವಂತಿಲ್ಲ, ಬೇರೆ ಖಾತೆಯಲ್ಲಿಡಬೇಕು. 'ಮುಟ್ಟಲೇಬೇಡಿ' ಎಂದು ಹಟ ಹಿಡಿಯುವುದು ತಪ್ಪು ಎಂದೇ ನನ್ನ ಖಚಿತ ಅಭಿಪ್ರಾಯ. ಬೀಜ, ಗೊಬ್ಬರ, ಡೀಸೆಲ್‌ಗೆ ಹಣ ಸಿಗದೆ ಹೊಲ ಬೀಳು ಬಿದ್ದರೆ ಆ ಕುಟುಂಬವೂ ಮುಳುಗುತ್ತದೆ, ಸಾಲವೂ ಮುಳುಗುತ್ತದೆ. ತಿಂಗಳವಾರು ಖರ್ಚಿನ ಪಟ್ಟಿ ಕೇಳಿ ಒಪ್ಪಿಕೊಳ್ಳಿ. ಬದಲಿಗೆ ಹೊಸ ಬೆಳೆಯ ಮೇಲೆ ಬದಲಿ ಒತ್ತೆ ಹಕ್ಕು, ಬೆಳೆ ವಿಮೆಯ ಪರಿಹಾರ ನಮ್ಮ ಹೆಸರಿಗೆ, ಸರ್ಕಾರಿ ಕೃಷಿ ಪಾವತಿಗಳನ್ನು ನಮಗೆ ವರ್ಗಾಯಿಸುವ ಸಿಸಿಸಿ-36 ನಮೂನೆ, ಈ ಮೂರನ್ನೂ ಬರವಣಿಗೆಯಲ್ಲಿ ಪಡೆಯಿರಿ. ಬಿತ್ತನೆಗೆ ಮೊದಲು ಇದು ಆಗದಿದ್ದರೆ, ಗೊಬ್ಬರ ಕೊಡುವ ಹೊಸ ಸಾಲದಾತ ನ್ಯಾಯಾಲಯದಿಂದ ಆ ಬೆಳೆಯ ಮೇಲೆ ಮೊದಲ ಹಕ್ಕು ಪಡೆದುಬಿಡಬಹುದು.

ಯಂತ್ರಗಳ ವಿಷಯ ಬೇರೆ, ಅವು ಸವೆಯುತ್ತವೆ. 2,40,000 ಡಾಲರಿನ ಕೊಯ್ಲು ಯಂತ್ರ ವರ್ಷಕ್ಕೆ ಶೇ. 12 ಬೆಲೆ ಕಳೆದುಕೊಂಡರೆ 28,800, ಅಂದರೆ ತಿಂಗಳಿಗೆ 2,400 ಡಾಲರ್. ಒತ್ತೆಯ ಬೆಲೆ ಹೀಗೆ ಕರಗುವುದಕ್ಕೆ ಇಷ್ಟನ್ನು ರಕ್ಷಣೆಯ ಪಾವತಿಯಾಗಿ ಕೇಳಬಹುದು. ಜಮೀನಿಗೆ ಆ ಸೀಮೆಯಲ್ಲಿ ವಾಡಿಕೆಯಿರುವ ಗೇಣಿ ಸಾಕು ಎನ್ನುತ್ತದೆ ಸೆಕ್ಷನ್ 1205. ಹಣ ತಡವಾಗಿ ಬಂದದ್ದಕ್ಕೆ ಬಡ್ಡಿ ನಷ್ಟ ಕೊಡಿ ಎಂದು ಇಲ್ಲಿ ವಾದಿಸಿ ಫಲವಿಲ್ಲ.

ನಿಮಗೆ ಇಷ್ಟು ಬಾಕಿ ಬರಬೇಕು ಎಂದು ತಿಳಿಸುವ ಪತ್ರ, ಅಂದರೆ ಫಾರ್ಮ್ 410, ಅರ್ಜಿಯಿಂದ 70 ದಿನದೊಳಗೆ ಸಲ್ಲಿಕೆಯಾಗಬೇಕು. ರೈತನ ಮರುಪಾವತಿ ಯೋಜನೆಗೆ 90 ದಿನ, ಅದು ಬಂದ ಮೇಲೆ ವಿಚಾರಣೆ ಮುಗಿಯಲು 45 ದಿನ. ಮೌಲ್ಯಮಾಪಕರನ್ನು ಯೋಜನೆ ಕೈಗೆ ಬಂದ ಮೇಲೆ ಹುಡುಕಿದರೆ ತಡವಾಯಿತು. ಬಾಕಿ 9 ಲಕ್ಷ, ಜಮೀನಿನ ಬೆಲೆ 7 ಲಕ್ಷ ಡಾಲರ್ ಎಂದು ತೀರ್ಮಾನವಾದರೆ ಉಳಿದ 2 ಲಕ್ಷ ಭದ್ರತೆಯಿಲ್ಲದ ಸಾಲವಾಗುತ್ತದೆ. ಯೋಜನೆ ಮೂರರಿಂದ ಐದು ವರ್ಷದ್ದಾದರೂ ಜಮೀನಿನ ಸಾಲವನ್ನು ಅದರಾಚೆಗೂ ಎಳೆಯಬಹುದು. ಆ 7 ಲಕ್ಷ 20 ವರ್ಷದ ಕಂತಿಗೆ ಹೋದರೆ, ಶೇ. 7.5ರಂತೆ ವರ್ಷಕ್ಕೆ ಸುಮಾರು 68,660 ಡಾಲರ್, ಶೇ. 6ರಂತೆ 61,030. ಬಡ್ಡಿ ದರದ ಜಗಳ ನಡೆಯುವುದು ಈ ಏಳೂವರೆ ಸಾವಿರಕ್ಕೆ. ಅಮೆರಿಕದ ಸುಪ್ರೀಂ ಕೋರ್ಟಿನ 2004ರ ಟಿಲ್ ತೀರ್ಪಿನ ನಂತರ ಪ್ರೈಮ್ ದರಕ್ಕೆ, ಅಂದರೆ ಬ್ಯಾಂಕುಗಳು ಉತ್ತಮ ಗ್ರಾಹಕರಿಗೆ ಹಾಕುವ ಬಡ್ಡಿಗೆ, ಶೇ. 1ರಿಂದ 3 ಸೇರಿಸುವುದು ರೂಢಿ. 2023ರಲ್ಲಿ ಎಂಟನೇ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ ಖಜಾನೆ ಬಾಂಡ್ ದರದಿಂದ ಲೆಕ್ಕ ಶುರು ಮಾಡಿದ್ದನ್ನೂ ಎತ್ತಿಹಿಡಿದಿದೆ.

ಇಷ್ಟೆಲ್ಲ ಮಾಡಿಯೂ ಹಕ್ಕು ಕೈತಪ್ಪುವುದು ದಾಖಲಾತಿಯಲ್ಲಿ. ನಮ್ಮ ಕರ್ನಾಟಕದಲ್ಲಿ ಜಮೀನಿನ ಸಾಲ ಪಹಣಿಯಲ್ಲೇ ಕಾಣುತ್ತದೆ. ಅಮೆರಿಕದಲ್ಲಿ ಜಮೀನಿನ ಅಡಮಾನ ದಾಖಲಾಗುವುದು ಕೌಂಟಿಯಲ್ಲಿ, ಅಂದರೆ ನಮ್ಮ ಜಿಲ್ಲೆಯಂಥ ಘಟಕದಲ್ಲಿ; ದನ, ಬೆಳೆ, ಯಂತ್ರಗಳದ್ದು ಯುಸಿಸಿ-1 ಎಂಬ ಒತ್ತೆ ನೋಂದಣಿ ನಮೂನೆಯಲ್ಲಿ ರಾಜ್ಯದ ಕಚೇರಿಯಲ್ಲಿ. ಬಹುತೇಕ ರಾಜ್ಯಗಳಲ್ಲಿ ಹೆಸರು ಡ್ರೈವಿಂಗ್ ಲೈಸೆನ್ಸಿನಲ್ಲಿದ್ದ ಹಾಗೇ ಇರಬೇಕು. ತಂದೆಯ ಹೆಸರಿನಲ್ಲಿ ನಮೂನೆ, ದನಗಳು ಮಗನ ಕಂಪನಿಯವು ಎಂಬ ಗೊಂದಲ ಕುಟುಂಬದ ಬೇಸಾಯದಲ್ಲಿ ಸಾಮಾನ್ಯ. ಸಾಲ ನವೀಕರಿಸುವಾಗಲೇ ಕೇಳಿ ತಿಳಿಯಿರಿ.

ಯುಸಿಸಿ-1ರ ಆಯುಸ್ಸು 5 ವರ್ಷ. ದಿವಾಳಿ ಪ್ರಕರಣ ನಡೆಯುತ್ತಿದೆ ಎಂದು ಆ ಗಡಿಯಾರ ನಿಲ್ಲುವುದಿಲ್ಲ. ನವೀಕರಿಸಿದರೆ, ಅರ್ಜಿ ಬಿದ್ದೊಡನೆ ಸಾಲ ವಸೂಲಿಗೆ ಬೀಳುವ ತಡೆಯಾಜ್ಞೆ ಮುರಿದಂತಾಗುತ್ತದೆ ಎಂದು ಹೆದರಿ ಸುಮ್ಮನಿರುವವರಿದ್ದಾರೆ. ಸೆಕ್ಷನ್ 362(ಬಿ)(3) ಅದಕ್ಕೆ ಅವಕಾಶ ಕೊಟ್ಟಿದೆ. ನವೀಕರಣ ಕೊನೆಯ ಆರು ತಿಂಗಳಲ್ಲೇ ಆಗಬೇಕು. 2022ರ ಜೂನ್ 10ರಂದು ದಾಖಲಾದದ್ದಕ್ಕೆ 2026ರ ಡಿಸೆಂಬರ್ 10ರಿಂದ 2027ರ ಜೂನ್ 10ರವರೆಗೆ ಸಮಯ. ನವೆಂಬರ್‌ನಲ್ಲೇ ಹಾಕಿ ನಿಶ್ಚಿಂತರಾದರೆ ಆ ಕಾಗದಕ್ಕೆ ಬೆಲೆಯಿಲ್ಲ.